ಗಾಡಿಯ ಕೆಮ್ಮು

ಟಪ್ ಎಂದಿತು. ತುಸು ಹೊತ್ತು ಬಿಟ್ಟು ಮತ್ತೆ, ಟಪ್.

ವಿಶಾಲಾಕ್ಷಿ ಎಚ್ಚರವಾಗಿಯೇ ಇದ್ದಳು. ಬಚ್ಚಲಿನ ಸದ್ದಾದರೆ ಹಿತ್ತಿಲ ಕಡೆಯಿಂದ ಬರಬೇಕು. ಇದು ಮುಂದಿನ ಪಡಸಾಲೆಯಿಂದ ಬರುತ್ತಿತ್ತು. ನೀರಿನ ಹನಿ ನೆಲಕ್ಕೆ ಬಿದ್ದರೆ ಒಡೆದ ಸದ್ದಾಗುತ್ತದೆ. ಈ ಹನಿ ಗೋಣಿತಾಟಿನ ಮೇಲೆ ಬಿದ್ದು ಹೀರಿಹೋಗುತ್ತಿತ್ತು. ಸದ್ದಿನ ಹಿಂದೆಯೇ ವಾಸನೆಯೂ ಬಂತು. ಪೆಟ್ರೋಲು.

ಪಕ್ಕದಲ್ಲಿ ಅವಳ ಗಂಡ ದೇವೀರಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದ. ನಾಲ್ಕು ರಾತ್ರಿ ಹೊರಳಾಡಿದ ಮೇಲೆ ಇವತ್ತು ಅವನಿಗೆ ನಿದ್ದೆ ಹತ್ತಿತ್ತು. ಗಡಿಯಾರ ಒಂದು ಹೊಡೆದು ಸ್ವಲ್ಪ ಹೊತ್ತಾಗಿತ್ತು. ನಾಲ್ಕಕ್ಕೆ ಅವನು ಏಳಬೇಕು. ಬೆಳಗಿನ ಐದೂವರೆಗೆ ಕಡೂರಿಗೆ ಬರುವ ರೈಲಿನಲ್ಲಿ ಮಂಜುಗಡ್ಡೆ ತುಂಬಿದ ಪೆಟ್ಟಿಗೆಯೊಂದು ಇರುತ್ತದೆ. ಅದರೊಳಗೆ ದನಗಳ ದೊಡ್ಡರೋಗಕ್ಕೆ ಹಾಕುವ ಲಸಿಕೆ. ಅದನ್ನು ಮೋಟಾರ್ ಸೈಕಲ್ಲಿಗೆ ಕಟ್ಟಿಕೊಂಡು, ತರೀಕೆರೆ ದಾಟಿ, ಐಸು ನೀರಾಗುವ ಮೊದಲು ಅಮೃತಾಪುರದ ಆಚೆಯ ಹಳ್ಳಿಗೆ ಮುಟ್ಟಿಸಬೇಕು. ಅಲ್ಲಿ ದನಗಳ ಬಾಯಲ್ಲಿ ಹುಣ್ಣು ಕಾಣಿಸಿಕೊಂಡು ಎರಡು ದಿನವಾಗಿತ್ತು. ಬಸ್ಸನ್ನು ನಂಬಿಕೊಂಡರೆ ಮಧ್ಯಾಹ್ನವಾದೀತು, ಏಪ್ರಿಲ್ ತಿಂಗಳ ಬಿಸಿಲಿಗೆ ಐಸು ಯಾರ ಮಾತನ್ನೂ ಕೇಳುವುದಿಲ್ಲ.

ದೇವೀರಪ್ಪ ಅಜ್ಜಂಪುರದಲ್ಲಿ ದನದ ಆಸ್ಪತ್ರೆಯ ಕಾಂಪೌಂಡರ್. ಗಾಡಿ ಅವನ ತಂದೆ ಬಸವರಾಜಪ್ಪನವರದು. ಮಹಾಯುದ್ಧ ಮುಗಿದ ಮೇಲೆ ಸೈನ್ಯದವರು ಹರಾಜಿಗಿಟ್ಟಾಗ ತಂದ ಬಿ.ಎಸ್.ಎ. ಅದರ ವಯಸ್ಸು ದೇವೀರಪ್ಪನ ವಯಸ್ಸಿಗೆ ಸಮ. ತಂದೆ ಹೋದ ಮೇಲೆ ಅವನೇ ಅದರ ವೈದ್ಯ. ಗಾಡಿಯ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ಬಿ.ಎಸ್ಸಿ. ಓದಿದ ಹೆಂಡತಿ ಕನ್ನಡದಲ್ಲಿ ಹೇಳುತ್ತ ಹೋಗಬೇಕು, ಅವನು ಸ್ಕ್ರೂ ತಿರುಗಿಸುತ್ತ ಹೋಗಬೇಕು. ಮದುವೆಯಾದ ಹೊಸತರಲ್ಲಿ ಅವರಿಬ್ಬರೂ ಮಾತಾಡಿಕೊಂಡದ್ದಕ್ಕಿಂತ ಆ ಪುಸ್ತಕ ಓದಿದ್ದೇ ಹೆಚ್ಚು.

ಸಂಕ್ರಾಂತಿ ಕಳೆದ ಮೇಲೆ ಗಾಡಿಗೆ ಕೆಮ್ಮು ಹಿಡಿಯಿತು. ನಿಂತಲ್ಲಿ ಗುಕ್ ಗುಕ್ ಎನ್ನುವುದು, ವೇಗ ತಗ್ಗಿಸಿದರೆ ಆರಿಹೋಗುವುದು. ತರೀಕೆರೆಯ ಮೆಕ್ಯಾನಿಕ್ ಕರಿಯಣ್ಣ ಎರಡು ಸಲ ಕಾರ್ಬ್ಯುರೇಟರ್ ಬಿಚ್ಚಿ ತೊಳೆದುಕೊಟ್ಟ. ತೊಳೆದ ಎರಡು ದಿನ ಸರಿಯಾಗಿರುತ್ತಿತ್ತು, ಮೂರನೆಯ ದಿನ ಮತ್ತೆ ಅದೇ ಪಾಡು. ಎರಡನೆಯ ಸಲ ಕರಿಯಣ್ಣ, ಗಾಡಿಗೆ ಸಿಮೆಂಟ್ ಏನಾದರೂ ಕುಡಿಸ್ತೀರೇನ್ರೀ ಎಂದು ಕೇಳಿ ನಕ್ಕಿದ್ದನಂತೆ.

ಶಿವರಾತ್ರಿ ಮುಗಿದ ವಾರ ಇದೇ ರೀತಿ ಲಸಿಕೆ ಬಂದಿತ್ತು. ಬೀರೂರು ದಾಟಿ ಸ್ವಲ್ಪ ದೂರಕ್ಕೆ ಗಾಡಿ ನಿಂತುಬಿಟ್ಟಿತು. ದೇವೀರಪ್ಪ ಅದನ್ನು ಬಿಸಿಲಲ್ಲಿ ಮೈಲಿಗಟ್ಟಲೆ ತಳ್ಳಿದ. ಊರು ಮುಟ್ಟುವ ಹೊತ್ತಿಗೆ ಪೆಟ್ಟಿಗೆಯಲ್ಲಿ ಬಿಸಿನೀರಿತ್ತು. ಮತ್ತೆ ಲಸಿಕೆ ಬರಲು ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನದಲ್ಲಿ ಒಂದೇ ಹಳ್ಳಿಯಲ್ಲಿ ಇಪ್ಪತ್ತಮೂರು ದನ ಸತ್ತವು. ಗಿಡ್ಡಪ್ಪ ಎಂಬ ರೈತನ ಜೋಡಿ ಎತ್ತು ಒಂದೇ ರಾತ್ರಿ ಹೋದವು. ಮೇಲಿನಿಂದ ದೇವೀರಪ್ಪನಿಗೆ ಮೆಮೋ ಬಂತು. ಇನ್ನೊಂದು ಸಲ ಹೀಗಾದರೆ ಕೆಲಸದಿಂದ ತೆಗೆಯುತ್ತಾರೆಂದು ಗುಮಾಸ್ತರು ಬಾಯಲ್ಲೂ ಹೇಳಿದರು.

ಕೆಲಸ ಹೋದರೆ ಹೋಗಲಿ ಎಂದು ವಿಶಾಲಾಕ್ಷಿ ಎಂದೋ ಮನಸ್ಸು ಗಟ್ಟಿಮಾಡಿಕೊಂಡಿದ್ದಳು. ಅವಳ ಹೆದರಿಕೆ ಬೇರೆ ಇತ್ತು. ಮೂರು ದಿನದಿಂದ ಗಂಡ ಲಿಂಗಪೂಜೆಗೆ ಕೂತಿರಲಿಲ್ಲ. ಅನ್ನ ಕಲಸಿ ಹಾಗೇ ಬಿಟ್ಟು ಏಳುತ್ತಿದ್ದ. ನಿನ್ನೆ ಸಂಜೆ ಹೊಸ್ತಿಲಲ್ಲಿ ಕೂತವನು, ಊರಾಚೆಯ ರೈಲ್ವೆ ಗೇಟಿನಲ್ಲಿ ಹಾದುಹೋಗುವ ಗೂಡ್ಸ್ ಗಾಡಿ ಎಷ್ಟು ಹೊತ್ತಿಗೆ ಎಂದು ಕೇಳಿದ. ಯಾಕೆ ಎಂದಳು. ಸುಮ್ಮನೆ ಎಂದ. ಮಲಗುವ ಮುಂಚೆ, ಅವಳ ಕಡೆ ನೋಡದೆ, ಇನ್ನೊಂದು ಮಾತು ಹೇಳಿದ:

"ನಾಳೆನೂ ನಿಂತ್ಬಿಟ್ರೆ ನಾನು ಈ ಕಡೆ ಬರಲ್ಲ ಕಣೇ."

ಅವಳು ಎದ್ದಳು. ಬಾಗಿಲು ಸದ್ದಾಗದಂತೆ ಸರಿಸಿ ಪಡಸಾಲೆಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟಳು.

ಕರೆಂಟು ಹೋಗಿತ್ತು. ಅತ್ತೆ ತೀರ್ಥಮ್ಮ ಎಡಗೈಯಲ್ಲಿ ಎಣ್ಣೆದೀಪ ಹಿಡಿದು ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು. ದೀಪದ ಕುಡಿ ಕಾರ್ಬ್ಯುರೇಟರಿನಿಂದ ಒಂದು ಗೇಣು ದೂರದಲ್ಲಿತ್ತು. ಕೆಳಗಿನ ಗೋಣಿತಾಟು ನೆನೆದು ಕಪ್ಪಗಾಗಿತ್ತು. ಅತ್ತೆಯ ಕಣ್ಣಿಗೆ ಪೊರೆ ಬಂದು ಎರಡು ವರ್ಷ; ಸರಿಯಾಗಿ ಕಾಣಲೆಂದು ಅವರು ದೀಪವನ್ನು ಇನ್ನೂ ಹತ್ತಿರ ತರುತ್ತಿದ್ದರು.

ಕೂಗಿದರೆ ಅವರು ಬೆಚ್ಚಿ ದೀಪ ಕೈಬಿಡುತ್ತಾರೆ. ವಿಶಾಲಾಕ್ಷಿ ಕೂಗಲಿಲ್ಲ, ಓಡಲೂ ಇಲ್ಲ. ಏಳು ಹೆಜ್ಜೆ ನಡೆದಳು. ಹಿಂದಿನಿಂದ ಬಗ್ಗಿ ಉರಿಯ ಮೇಲೆ ಅಂಗೈ ಮುಚ್ಚಿದಳು. ಸುಟ್ಟಿತು. ಕತ್ತಲಾಯಿತು.

"ಯಾಕೆ ತಾಯಿ, ಆರಿಸ್ಬಿಟ್ಟೆ?" ಎಂದರು ತೀರ್ಥಮ್ಮ ಮೆಲ್ಲಗೆ.

ವಿಶಾಲಾಕ್ಷಿ ಕತ್ತಲಲ್ಲೇ ಕೈ ಚಾಚಿದಳು. ಪೆಟ್ರೋಲಿನ ನಲ್ಲಿ ಎಲ್ಲಿದೆಯೆಂದು ಕೈಗೆ ಗೊತ್ತಿತ್ತು, ಅದನ್ನು ಮುಚ್ಚಿದಳು. ಗೂಡಿನಲ್ಲಿದ್ದ ಟಾರ್ಚು ತಂದು ಹಾಕಿ ನೋಡಿದಳು. ಅತ್ತೆಯ ಬಲಗೈಯ ಮೂರು ಬೆರಳು ಬೆಳ್ಳಗಿದ್ದವು. ಪೆಟ್ರೋಲು ಬಂದು ನಿಲ್ಲುವ ಫ್ಲೋಟ್ ಡಬ್ಬಿಯ ಮೇಲಿನ, ಒತ್ತುವ ಪುಟ್ಟ ಗುಂಡಿಗೆ ಮೂರು ಬೆರಳಿನ ಅಡ್ಡಪಟ್ಟೆ. ಪಕ್ಕದಲ್ಲಿ ಗಾಳಿ ಎಳೆದುಕೊಳ್ಳುವ ಅಗಲ ಬಾಯಿಯ ಅಂಚಿನಲ್ಲೂ ಬಿಳಿ ಪುಡಿ. ಆ ಬಾಯಿಗೆ ಮುಚ್ಚಿದ್ದ ಜಾಲರಿಯ ಡಬ್ಬಿ ಕಳಚಿಹೋಗಿ ವರ್ಷಗಳಾಗಿದ್ದವು.

"ಏನು ಮಾಡ್ತಿದ್ರಿ ಅತ್ತೆ?"

"ಬೆಳಗ್ಗೆ ದೂರ ಹೋಗ್ಬೇಕಲ್ಲ ಅದು. ಒಂಚೂರು ಭಸ್ಮ ಇಕ್ದೆ. ನಿನ್ ಗಂಡ ಕೂಸಾಗಿದ್ದಾಗ ಕೆಮ್ಮು ಬಂದ್ರೆ ಮಠದ ಭಸ್ಮ ನಾಲಿಗೆಗೆ ಇಕ್ತಿದ್ದೆ, ಬೆಳಗಾಗೋದ್ರೊಳಗೆ ನಿಂತೋಗದು. ಇದರ ಕೆಮ್ಮು ಯಾವ್ ಜಾತೀದೋ, ಇಕ್ದಷ್ಟೂ ಜಾಸ್ತಿ ಆಗ್ತೈತೆ."

ಎಂದಿನಿಂದ ಎಂದು ಅವಳು ಕೇಳಿದಳು. ಕೆಮ್ಮು ಶುರುವಾದಾಗಿನಿಂದ ಎಂದರು. ದಿನಾ ಬೆಳಗ್ಗೆ, ನೀವು ಏಳುವ ಮುಂಚೆ; ಹೆಚ್ಚು ಕೆಮ್ಮಿದ ದಿನ ಹೆಚ್ಚು ಇಡುವುದು. ಕರಿಯಣ್ಣ ತೊಳೆದು ಕಳಿಸಿದಾಗ ಮಾತ್ರ, ಎಲ್ಲಾ ತೊಳೆದುಹೋಯಿತಲ್ಲ ಎಂದು ಸಂಕಟವಾಗಿ, ಎರಡು ಹೊತ್ತೂ ಇಟ್ಟಿದ್ದರಂತೆ.

ವಿಶಾಲಾಕ್ಷಿ ನೆಲದ ಮೇಲೆ ಕೂತಳು. ಬೂದಿ ಪೆಟ್ರೋಲಿನಲ್ಲಿ ಕರಗುವುದಿಲ್ಲ. ಇದನ್ನು ತಿಳಿಯಲು ಕಾಲೇಜಿಗೆ ಹೋಗಬೇಕಾಗಿಲ್ಲ. ಬಾಯಿಗೆ ಇಟ್ಟದ್ದು ಗಾಳಿಯ ಸಣ್ಣ ತೂತನ್ನು ಮುಚ್ಚಿತ್ತು. ಗುಂಡಿಗೆ ಬಳಿದದ್ದು ಅದರ ಸಂದಿನಿಂದ ಒಳಗಿಳಿದು ಪೆಟ್ರೋಲು ತಡೆಯುವ ಮುಳ್ಳಿನ ಕೆಳಗೆ ಕೂತಿತ್ತು. ಬಳಿಯುವಾಗ ಗುಂಡಿ ಒತ್ತಿದ್ದರಿಂದ ಇವತ್ತು ಹನಿ ನಿಂತಿರಲಿಲ್ಲ. ಮೊದಲ ಕೆಮ್ಮು ರಸ್ತೆಯ ಧೂಳಿನದಿದ್ದೀತು, ಕರಿಯಣ್ಣ ತೊಳೆದಾಗಲೇ ಅದು ಹೋಗಿತ್ತು. ಬೀರೂರಿನಾಚೆ ಗಾಡಿ ನಿಂತದ್ದು ಇದರಿಂದ. ಇಪ್ಪತ್ತಮೂರು ದನ ಸತ್ತದ್ದೂ ಇದರಿಂದ.

ಗಂಡನನ್ನು ಎಬ್ಬಿಸಬೇಕೆಂದು ಎದ್ದವಳು ಎರಡು ಹೆಜ್ಜೆಗೇ ನಿಂತಳು. ಮೆಮೋ ಬಂದ ದಿನ, ಎಲ್ಲಾ ಶಿವನ ಚಿತ್ತ ಎಂದು ಅತ್ತೆ ಅಂದದ್ದಕ್ಕೆ ಅವನು ಜೀವಮಾನದಲ್ಲಿ ಮೊದಲ ಸಲ ತಾಯಿಯ ಮೇಲೆ ಕೂಗಾಡಿದ್ದ. ತೀರ್ಥಮ್ಮ ಎರಡು ದಿನ ಒಲೆಯ ಹತ್ತಿರ ಬಂದಿರಲಿಲ್ಲ. ಇನ್ನು ಗಿಡ್ಡಪ್ಪನ ಎತ್ತು ಸತ್ತ ಸುದ್ದಿ ಬಂದಾಗ ಅತ್ತೆ ಎದೆ ಎದೆ ಬಡಿದುಕೊಂಡು, ಬಸವಣ್ಣನ್ನ ಕೊಂದ ಕೈ ಯಾವುದೋ ಅದು ಉದುರಿಹೋಗಲಿ ಎಂದು ಶಾಪ ಹಾಕಿದ್ದರು. ಆ ಕೈ ಈಗ ಅವಳ ಮುಂದೆ ಸೆರಗಿಗೆ ಭಸ್ಮ ಒರೆಸಿಕೊಳ್ಳುತ್ತಿತ್ತು. ಮಗನಿಗೆ ಗೊತ್ತಾದರೆ ಅವನ ಮುಖ ನೋಡಿಯೇ ತಾಯಿಗೆ ಗೊತ್ತಾಗುತ್ತದೆ. ತಾಯಿಗೆ ಗೊತ್ತಾದರೆ ಹಿತ್ತಿಲ ಬಾವಿ ದೂರವೇನಿಲ್ಲ. ಒಂದು ಮನೆಯಲ್ಲಿ ಇಬ್ಬರನ್ನು ಕಾಯುವುದು ಹೇಗೆ?

ಉಳಿದದ್ದು ಎರಡೂವರೆ ಗಂಟೆ. ಅವಳು ಪುಸ್ತಕ ಓದಿದ್ದಳು, ಒಂದು ದಿನವೂ ಸ್ಪ್ಯಾನರ್ ಹಿಡಿದಿರಲಿಲ್ಲ.

"ಅತ್ತೆ, ಸ್ವಲ್ಪ ಧೂಳು ತೆಗೀತೀನಿ. ಟಾರ್ಚು ಹಿಡ್ಕೊತೀರಾ?"

ಸಲಕರಣೆಯ ಚೀಲ ಬಿಚ್ಚಿ, ಸದ್ದಾಗದಂತೆ ಒಂದೊಂದನ್ನೂ ಸೀರೆಯ ಮೇಲಿಟ್ಟುಕೊಂಡಳು. ಫ್ಲೋಟ್ ಡಬ್ಬಿಯ ಮುಚ್ಚಳ ಬರಲಿಲ್ಲ. ಸುಟ್ಟ ಅಂಗೈ ಕಿತ್ತುಬರುವಂತೆ ತಿರುಗಿಸಿದ ಮೇಲೆ ಬಂತು. ಒಳಗೆ ತಳದಲ್ಲಿ ಅಕ್ಕಿ ತೊಳೆದ ನೀರಿನ ಕೆಳಗೆ ಕೂರುವಂಥ ಬಿಳಿ ಗಸಿ. ಅದನ್ನು ಬಟ್ಟೆಯಲ್ಲಿ ಒರೆಸಿ ತೆಗೆದಳು. ಮುಳ್ಳನ್ನು ಹೊರಗೆಳೆದು ತುದಿಯನ್ನು ಸೆರಗಿನಿಂದ ಉಜ್ಜಿದಳು. ಗಾಳಿಯ ಸಣ್ಣ ತೂತು ಪೂರ್ತಿ ಕಟ್ಟಿತ್ತು. ಅದಕ್ಕೆ ತಂತಿ, ಸೂಜಿ ಹಾಕಕೂಡದು, ತೂತು ದೊಡ್ಡದಾದರೆ ಮತ್ತೆ ಸರಿಹೋಗದು ಎಂದು ಪುಸ್ತಕದಲ್ಲಿತ್ತು. ಬಾಯಿಟ್ಟು ಊದಿದಳು, ಜಗ್ಗಲಿಲ್ಲ. ನಾಲಿಗೆಗೆ ಪೆಟ್ರೋಲು ಹತ್ತಿ ಉರಿಯಿತು. ತಲೆಯಿಂದ ಎರಡು ಕೂದಲು ಕಿತ್ತು, ಹೊಸೆದು, ಅದನ್ನು ತೂತಿನೊಳಗೆ ತೂರಿಸುತ್ತ, ಎಳೆಯುತ್ತ, ಊದುತ್ತ ಕೂತಳು. ಕಣ್ಣಲ್ಲಿ ನೀರು ಬಂದು ಏನೂ ಕಾಣದಾಗುತ್ತಿತ್ತು. ಎಷ್ಟನೆಯ ಸಲಕ್ಕೋ ಉಸಿರು ಆಚೆಗೆ ಹೋಯಿತು.

ತೀರ್ಥಮ್ಮ ಟಾರ್ಚನ್ನು ಇನ್ನೂ ಹತ್ತಿರ ತಂದರು. "ಏನದು ಬೆಳ್ಳಗೆ ಬತ್ತಾ ಇರಾದು?" ಎಂದರು.

"ರಸ್ತೆ ಧೂಳು ಅತ್ತೆ."

"ಪಾಪ. ಎಷ್ಟ್ ಧೂಳು ಕುಡ್ದೈತೆ ನೋಡು."

ವಿಶಾಲಾಕ್ಷಿ ಬಟ್ಟೆಯನ್ನು ಮಡಿಸಿ ಮಡಿಲಿಗೆ ಸೇರಿಸಿಕೊಂಡಳು. ಇಷ್ಟು ತೊಳೆದು ನಾಳೆ ಮತ್ತೆ ಇಟ್ಟರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಇಡಬೇಡಿ ಎಂದರೆ ಯಾಕೆ ಎಂದು ಕೇಳುತ್ತಾರೆ. ಅವಳು ಒಂದೊಂದೇ ಮಾತನ್ನು ತೂಗಿ ಆಡಿದಳು. ಗಾಡಿಯ ಬಾಯಿ ಎಂದರೆ ಎಂಜಲು ಬಾಯಿ. ಪೆಟ್ರೋಲು, ಮಸಿ ಎಲ್ಲಾ ಅಲ್ಲೇ ಸೇರುತ್ತದೆ. ಮಠದ ಭಸ್ಮವನ್ನು ಅಲ್ಲಿಡುವುದಕ್ಕಿಂತ ಹಣೆಗೆ ಹಚ್ಚುವುದು ಮೇಲಲ್ಲವೇ ಅತ್ತೆ, ಮುಂದಿನ ದೊಡ್ಡ ದೀಪದ ಮೇಲೆ? ಆಗ ಎದುರಿಗೆ ಬಂದವರಿಗೂ ಕಾಣುತ್ತದೆ.

ತೀರ್ಥಮ್ಮ ಗಲ್ಲ ಗಲ್ಲ ಬಡಿದುಕೊಂಡರು. "ಅಯ್ಯೋ ಶಿವನೇ, ಎಂಜಲು ಮಾಡ್ದೆನಲ್ಲೇ ಇಷ್ಟ್ ದಿನ. ಅದಕ್ಕೇ ಕೆಮ್ಮು ನಿಲ್ಲಲಿಲ್ಲ ಅನ್ನು."

"ಅದಕ್ಕೇ ಅಂತೇನಿಲ್ಲ," ಎಂದಳು ವಿಶಾಲಾಕ್ಷಿ ಬೇಗನೆ. "ನೀವು ಮಲಗಿ ಹೋಗಿ."

ಅತ್ತೆ ಹೋದ ಮೇಲೆ ಎಲ್ಲವನ್ನೂ ಬಿಚ್ಚಿದ ಕ್ರಮಕ್ಕೆ ತಿರುವುಮುರುವಾಗಿ ಜೋಡಿಸಿದಳು. ಮೂರು ತಿಂಗಳಿಂದ ದೇವೀರಪ್ಪ ದಿನಕ್ಕಿಷ್ಟು ಒಳಕ್ಕೆ ತಿರುಗಿಸುತ್ತ ಬಂದಿದ್ದ ಗಾಳಿಯ ಸ್ಕ್ರೂ ಈಗ ಎಲ್ಲಿ ನಿಂತಿದೆಯೆಂದು ದೇವರಿಗೇ ಗೊತ್ತು. ಅದನ್ನು ಮೆಲ್ಲಗೆ ಪೂರ್ತಿ ಒಳಕ್ಕೆ ಕೂರಿಸಿ, ಪುಸ್ತಕದ ಲೆಕ್ಕದಂತೆ ಒಂದೂವರೆ ಸುತ್ತು ಹೊರಕ್ಕೆ ಬಿಟ್ಟಳು. ಉಳಿದದ್ದನ್ನು ಎಂಜಿನ್ ಓಡುವಾಗ ಕಿವಿಯಿಂದ ತಿಳಿಯಬೇಕು ಎಂದು ಪುಸ್ತಕ ಹೇಳುತ್ತಿತ್ತು. ಎಂಜಿನ್ ಓಡಿಸುವ ಹಾಗಿರಲಿಲ್ಲ. ಕೈಯನ್ನು ಸೀಗೆಪುಡಿ ಹಾಕಿ ಮೂರು ಸಲ ತೊಳೆದಳು. ತಾನು ಮಾಡಿದ್ದು ಸರಿಯೋ, ಇದ್ದದ್ದನ್ನೂ ಕೆಡಿಸಿದೆನೋ ಎಂಬುದು ನಾಲ್ಕು ಗಂಟೆಯವರೆಗೆ ಗೊತ್ತಾಗುವಂತಿರಲಿಲ್ಲ.

ನಾಲ್ಕಕ್ಕೆ ದೇವೀರಪ್ಪ ಎದ್ದ. ಕಾಫಿ ಮುಟ್ಟಲಿಲ್ಲ. ಗಾಡಿಯನ್ನು ಬೀದಿಗಿಳಿಸಿ ಒದ್ದ. ಇಲ್ಲ. ಮತ್ತೆ ಒದ್ದ. ಆರು ಸಲ ಒದ್ದು ಹ್ಯಾಂಡಲ್ ಮೇಲೆ ತಲೆಯಿಟ್ಟ. ಬಾಗಿಲಲ್ಲಿ ನಿಂತ ವಿಶಾಲಾಕ್ಷಿ ರಾತ್ರಿ ಬಿಚ್ಚಿ ಜೋಡಿಸಿದ್ದನ್ನೆಲ್ಲ ಮೊದಲಿನಿಂದ ಲೆಕ್ಕ ಹಾಕಿದಳು. ಆಗ ನೆನಪಾಯಿತು: ರಾತ್ರಿ ನಲ್ಲಿ ಮುಚ್ಚಿದ್ದಳು, ತೆರೆದಿರಲಿಲ್ಲ.

"ನಲ್ಲಿ ನೋಡಿ," ಎಂದಳು.

ಅವನು ತೆರೆದ. ಎರಡನೆಯ ಒದೆತಕ್ಕೆ ಗಾಡಿ ಹಿಡಿಯಿತು. ಹಿಡಿಯಿತು, ಆದರೆ ಏರುಪೇರಾಗಿ. ಅವನ ಕೈ ಅಭ್ಯಾಸಬಲದಿಂದ ಸ್ಕ್ರೂವಿಗೆ ಹೋಗಿ ಒಳಕ್ಕೆ ತಿರುಗಿಸಿತು, ಎಂಜಿನ್ ಮುಗ್ಗರಿಸಿತು. ಅವಳು ಮೆಟ್ಟಿಲಿಳಿದು ಪಕ್ಕಕ್ಕೆ ಬಂದಳು.

"ಹೊರಕ್ಕೆ ತಿರುಗಿಸಿ. ಒಳಕ್ಕಲ್ಲ."

"ಇಷ್ಟು ದಿನ ಒಳಕ್ಕೆ ತಾನೇ ಮಾಡ್ತಿದ್ದುದು?"

"ರಾತ್ರಿ ಪುಸ್ತಕ ಇನ್ನೊಂದ್ಸಲ ನೋಡ್ದೆ. ಹೊರಕ್ಕೆ."

ಅವನಿಗೆ ವಾದ ಮಾಡುವಷ್ಟೂ ತ್ರಾಣವಿರಲಿಲ್ಲ. ತಿರುಗಿಸಿದ. ಅವಳು ಕಣ್ಣು ಮುಚ್ಚಿ ಕೇಳಿದಳು. ಒಂದೇ ಒರಳಿಗೆ ಇಬ್ಬರು ಹೆಂಗಸರು ಒನಕೆ ಹಾಕುವಾಗ ಮೊದಮೊದಲು ಒಂದಕ್ಕೊಂದು ತಾಗುತ್ತದೆ, ಆಮೇಲೆ ಕೈ ಕೂಡಿಬರುತ್ತದೆ. ಇನ್ನೂ ಕಾಲು ಸುತ್ತು ಎಂದಳು. ಹೆಚ್ಚಾಯಿತು, ಕೂದಲೆಳೆಯಷ್ಟು ಹಿಂದಕ್ಕೆ ಎಂದಳು. ಕೈ ಕೂಡಿಬಂತು. ಗಾಡಿ ನಿಂತಲ್ಲೇ ಒಂದೇ ಹದದಲ್ಲಿ ಉಸಿರಾಡತೊಡಗಿತು.

"ಕೈ ತೆಗೀರಿ. ಇನ್ನು ಮುಟ್ಟಬೇಡಿ."

ಅವನು ಅವಳ ಮುಖವನ್ನು ನೋಡಿದ. ಆಮೇಲೆ ಗಾಡಿ ಹತ್ತಿ ಹೊರಟುಹೋದ.

ಆ ಹಗಲು ಅವಳು ಮಾಡಿದ ಅಡುಗೆಗೆ ಉಪ್ಪು ಎರಡು ಸಲ ಬಿತ್ತು. ಬೀದಿಯಲ್ಲಿ ಲಾರಿ ಹೋದರೂ ಎದ್ದು ನೋಡುತ್ತಿದ್ದಳು. ಹನ್ನೆರಡಾಯಿತು, ಅಷ್ಟು ಹೊತ್ತಿಗೆ ಅವನು ಆ ಹಳ್ಳಿಯಲ್ಲಿರಬೇಕು, ಇಲ್ಲವೇ ಬೀರೂರಿನಾಚೆ ರಸ್ತೆಯ ಮೇಲಿರಬೇಕು. ಮೂರಾಯಿತು, ಐದಾಯಿತು. ಬಿಸಿಲು ಇಳಿಯುವ ಹೊತ್ತಿಗೆ ಅತ್ತೆಗೆ ಅಂಗಡಿಗೆ ಹೋಗಿ ಬರುತ್ತೇನೆಂದು ಹೇಳಿ ಹೊರಟವಳು, ಅಂಗಡಿ ದಾಟಿ, ಕೊನೆಯ ಮನೆಯನ್ನೂ ದಾಟಿ, ರೈಲ್ವೆ ಗೇಟಿನ ಹತ್ತಿರ ಬಂದು ನಿಂತಳು. ಹಳಿಯ ಆ ಕಡೆ ಈ ಕಡೆ ಕಣ್ಣು ಹಾಯುವಷ್ಟು ದೂರ ನೋಡಿದಳು. ಜಾಲಿಯ ಗಿಡ, ಕಲ್ಲು, ಮೇಯುವ ಎರಡು ಆಡು. ಗೇಟು ಬಿತ್ತು. ಗೂಡ್ಸ್ ಗಾಡಿ ಬಂತು. ಒಂದೊಂದು ಡಬ್ಬಿ ಹೋಗುವಾಗಲೂ ಅವಳು ಹಳಿಯನ್ನೇ ನೋಡುತ್ತಿದ್ದಳು. ಕೊನೆಯ ಡಬ್ಬಿ ಹೋದ ಮೇಲೂ ಹಿಡಿದ ಕಂಬ ಬಿಡಲಿಲ್ಲ.

ಗೇಟು ಎದ್ದಾಗ ಆಚೆ ಬದಿಯಲ್ಲಿ ಅವನಿದ್ದ. ಗಾಡಿ ಆರದೆ ಸಣ್ಣಗೆ ಓಡುತ್ತಿತ್ತು. ಮುಖವೆಲ್ಲ ಧೂಳು. ಹತ್ತಿರ ಬಂದು ನಿಲ್ಲಿಸಿ, ಇಲ್ಲೇನು ಮಾಡುತ್ತಿದ್ದೀಯೆಂದು ಕೇಳಿದ. ಉಪ್ಪಿಗೆ ಬಂದೆ ಎಂದಳು. ಗೇಟಿನ ಹತ್ತಿರ ಉಪ್ಪು ಮಾರುವವರು ಯಾರೂ ಇರಲಿಲ್ಲ. ಅವನು ಹಳಿಯನ್ನು ನೋಡಿದ, ಅವಳನ್ನು ನೋಡಿದ, ತಲೆ ತಗ್ಗಿಸಿದ.

ಆಮೇಲೆ ಹೇಳಿದ. ಐಸು ಇನ್ನೂ ಗಟ್ಟಿಯಿರುವಾಗಲೇ ತಲುಪಿದನಂತೆ. ಇನ್ನೂರಕ್ಕೂ ಮೇಲೆ ದನಗಳಿಗೆ ಹಾಕಿ ಮುಗಿಸಿದರಂತೆ. ಪಕ್ಕದ ಹಳ್ಳಿಯಿಂದ ಗಿಡ್ಡಪ್ಪನೂ ಬಂದಿದ್ದ. ಉಳಲು ಎತ್ತಿಲ್ಲ, ಮನೆಯಲ್ಲಿ ಕೂತೇನು ಮಾಡಲಿ ಎಂದು ದನ ಹಿಡಿದುಕೊಡಲು ನಿಂತಿದ್ದ. ಬೈಯಲಿಲ್ಲ. ಕೆಲಸ ಮುಗಿಸಿ ಕೈ ತೊಳೆಯುವಾಗ ಒಂದೇ ಮಾತು ಅಂದನಂತೆ, ಅವತ್ತೂ ಹಿಂಗೇ ಬಂದಿದ್ರೆ ಸಾಮಿ, ಎಂದು.

ದೇವೀರಪ್ಪ ಬಗ್ಗಿ ಗಾಳಿಯ ಸ್ಕ್ರೂವನ್ನು ಬೆರಳಿಂದ ಮುಟ್ಟಿದ. "ತಪ್ಪು ನಂದೇ ಕಣೇ. ಸ್ಕ್ರೂ ಹೊರಕ್ಕೆ ತಿರುಗಿಸ್ಬೇಕಿತ್ತು, ಒಳಕ್ಕೆ ತಿರುಗಿಸ್ತಾ ಹೋದೆ. ಅಷ್ಟು ದನಾನೂ ನನ್ನ ಕೈಯಾರೆ ಕೊಂದೆ."

ಸುತ್ತ ಯಾರೂ ಇರಲಿಲ್ಲ. ಅಲ್ಲ, ನಿಮ್ಮ ಕೈಯಲ್ಲ ಎಂದು ಶುರುಮಾಡಿದರೆ ಒಂದು ವಾಕ್ಯದಲ್ಲಿ ಮುಗಿಯುತ್ತಿತ್ತು. ಇವತ್ತು ರಾತ್ರಿ ಅವನು ಹಗುರಾಗಿ ಮಲಗುತ್ತಿದ್ದ. ಬೆಳಗ್ಗೆ ತಾಯಿ ಕಾಫಿಯ ಲೋಟ ಚಾಚಿದಾಗ ಅವನು ಆ ಬೆರಳುಗಳನ್ನು ನೋಡುತ್ತಿದ್ದ. ಅಷ್ಟು ಸಾಕಿತ್ತು, ಪೊರೆ ಬಂದ ಕಣ್ಣಿಗೂ ಮಗನ ಮುಖ ಕಾಣುತ್ತದೆ.

"ಮೂವತ್ತೈದು ವರ್ಷದ ಗಾಡಿ," ಎಂದಳು. "ನಿಮ್ಮೊಬ್ಬರ ಕೈ ಏನು ಮಾಡೀತು?"

ಅವನು ತಲೆಯಲ್ಲಾಡಿಸಿದ. ಒಪ್ಪಲಿಲ್ಲ. ಇನ್ನು ಮುಂದೆಯೂ ಒಪ್ಪುವವನಲ್ಲ ಎಂದು ಅವಳಿಗೆ ಗೊತ್ತಾಯಿತು. ಆ ಇಪ್ಪತ್ತಮೂರು ದನಗಳನ್ನು ಅವನು ಹೊತ್ತುಕೊಂಡೇ ತಿರುಗುತ್ತಾನೆ, ಅವಳು ಅದನ್ನು ದಿನಾ ನೋಡುತ್ತಿರಬೇಕು. ಹೊತ್ತು ತಿರುಗಬಲ್ಲ, ಇವತ್ತು ಗೇಟು ದಾಟಿ ಮನೆಯ ಕಡೆಗೇ ಬಂದನಲ್ಲ. ಅತ್ತೆಗೆ ಆ ಭಾರದಲ್ಲಿ ಒಂದು ಹುಲ್ಲುಕಡ್ಡಿಯನ್ನೂ ಹೊರಲಾಗದು.

ಅವನು ಒದ್ದು ಗಾಡಿ ಹಿಡಿಸಿದ. ವಿಶಾಲಾಕ್ಷಿ ಹಿಂದೆ ಕೂತು ಅವನ ಹೆಗಲು ಹಿಡಿದಳು. ಊರಿನ ಮೊದಲ ಮನೆ ಬರುವಷ್ಟರಲ್ಲಿ ಅವಳ ಮನಸ್ಸು ಒಂದು ನಿಲುವಿಗೆ ಬಂದಿತ್ತು. ಇವನಿಗಿಲ್ಲ, ಅತ್ತೆಗಿಲ್ಲ, ಕೇಳಿದರೆ ಕರಿಯಣ್ಣನಿಗೂ ಇಲ್ಲ, ತವರಿಗೆ ಹೋದಾಗ ಹೆತ್ತ ತಾಯಿಗೂ ಇಲ್ಲ. ನಿನ್ನೆ ರಾತ್ರಿ ನಡೆದದ್ದನ್ನು ಅವಳು ಯಾರಿಗೂ ಹೇಳುವುದಿಲ್ಲ.